ವೆಸ್ಟ್‌ವುಡ್‌ನಲ್ಲಿ ಓದದ ಶಿವಕ್ಕ

ಶಿವಕ್ಕನ ಹೆಸರೆತ್ತಿದರೆ ಸಾಕು, ಲಾಸ್ ಏಂಜಲಿಸ್‌ನ ನಮ್ಮ ಕನ್ನಡದ ಮನೆಗಳಲ್ಲಿ ಒಬ್ಬರಲ್ಲ ಒಬ್ಬರು ಮೂಗು ಮುರಿಯುತ್ತಾರೆ. ಸೊಕ್ಕಿನ ಹುಡುಗಿಯಂತೆ, ಅಮೆರಿಕದ ಗಾಳಿ ಬಡಿದವಳಂತೆ, ನಾಲ್ಕು ಜನರ ನಡುವೆ ಅಪ್ಪನ ಮಾನ ತೆಗೆದವಳಂತೆ. ಇಂಥ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅವಳನ್ನು ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ನೋಡಿದವಳು ನಾನು. ನಡೆದದ್ದೇನೆಂದು ನನಗೆ ಗೊತ್ತು. ಸಿಟ್ಟು ಬರುವುದು ಅದಕ್ಕಲ್ಲ, ಮೂಗು ಮುರಿಯುವವರಿಗೂ ಅದು ಚೆನ್ನಾಗಿ ಗೊತ್ತು ಎಂಬುದಕ್ಕೆ.

ಅವಳ ತಂದೆ ರಾಚಯ್ಯ ಗದಗಿನವರು. ಅಲ್ಲಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ, ಇಲ್ಲಿಗೆ ಬಂದು ಎಂ.ಎಸ್. ಮಾಡಿದವರು. ಬಂದರಿನಲ್ಲಿ ಧಕ್ಕೆ ಕಟ್ಟುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ, ೧೯೬೮ರಲ್ಲಿ ಹೆಂಡತಿ ಅನ್ನಪೂರ್ಣವ್ವನನ್ನೂ ಮಗಳನ್ನೂ ಕರೆಸಿಕೊಂಡು ಬಂದರಿನ ಪಕ್ಕದ ಗುಡ್ಡದ ಊರು ಸ್ಯಾನ್ ಪೀಡ್ರೊದಲ್ಲಿ ಮನೆ ಮಾಡಿದರು. ಅವರ ಮನೆಯಿಂದ ಎರಡು ಬೀದಿ ಕೆಳಗೆ ನಮ್ಮದು. ನಾನು ಮೈಸೂರಿನವಳು, ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಅವರದು ಗದಗಿನ ಮಾತು, ನಮ್ಮದು ಮೈಸೂರಿನ ಮಾತು, ಆದರೂ ಆ ಗುಡ್ಡದ ಮೇಲೆ ಕನ್ನಡ ಅಂತ ಇದ್ದದ್ದು ನಮ್ಮ ಎರಡೇ ಮನೆ. ಹಾಗಾಗಿ ಸಕ್ಕರೆಯಿಂದ ಹಿಡಿದು ಸಂಕಟದವರೆಗೆ ಎಲ್ಲವೂ ಆ ಮನೆಯಿಂದ ಈ ಮನೆಗೆ ಓಡಾಡುತ್ತಿತ್ತು.

ರಾಚಯ್ಯ ಕೆಟ್ಟ ಮನುಷ್ಯರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವ ಮನಸ್ಸು ಇರುವುದಿಲ್ಲ. ಕರ್ನಾಟಕದಿಂದ ಯಾವ ಒಂಟಿ ಹುಡುಗ ಬಂದಿಳಿದರೂ ಮೊದಲ ತಿಂಗಳ ಊಟ ಅವರ ಮನೆಯಲ್ಲೇ. ಭಾನುವಾರ ಬಂತೆಂದರೆ ಚಪಾತಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಆರೇಳು ಜನರ ಪಂಕ್ತಿ. ಆ ಧಾರಾಳತನವನ್ನು ಎಲ್ಲರೂ ಹೊಗಳುತ್ತಿದ್ದರು. ಅಷ್ಟು ಚಪಾತಿ ಲಟ್ಟಿಸಿದವರು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ.

ಶಿವಕ್ಕ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಅನ್ನಪೂರ್ಣವ್ವನ ತಾಯಿಗೆ ಗದಗಿನಲ್ಲಿ ಲಕ್ವ ಹೊಡೆಯಿತು. ನೋಡಿಕೊಳ್ಳಲು ಹೋದ ಅನ್ನಪೂರ್ಣವ್ವ ವರ್ಷದ ಬಹುಭಾಗ ಅಲ್ಲೇ ಉಳಿದರು. ಇಲ್ಲಿ ಅಡುಗೆಮನೆ ಮಗಳ ಪಾಲಿಗೆ ಬಂತು. ಬೆಳಿಗ್ಗೆ ಅಪ್ಪನ ಡಬ್ಬಿ, ಸಂಜೆ ಅಪ್ಪನ ಊಟ, ಭಾನುವಾರ ಅಪ್ಪನ ಅತಿಥಿಗಳು. ಕೆಮಿಸ್ಟ್ರಿ ಪರೀಕ್ಷೆಯ ಹಿಂದಿನ ದಿನ ಅವಳು ಕೈಗೆಲ್ಲ ಹಿಟ್ಟು ಮೆತ್ತಿಕೊಂಡು ನಿಂತಿದ್ದನ್ನು ನೋಡಿ ನಾನು ರಾಚಯ್ಯನವರಿಗೆ ನೇರವಾಗಿ ಹೇಳಿದೆ, ಈ ವರ್ಷವೊಂದು ಭಾನುವಾರದ ಪಂಕ್ತಿ ನಿಲ್ಲಿಸಿ, ಹುಡುಗಿ ಓದಲಿ ಎಂದು. ಹೆಣ್ಣುಮಗಳು ಅಡುಗೆ ಕಲಿತರೆ ಏನು ಕೆಟ್ಟಿತು ಎಂದು ಅವರು ನಕ್ಕರು. ಕೆಟ್ಟದ್ದು ಏನೆಂದು ವರ್ಷದ ಕೊನೆಗೆ ಗೊತ್ತಾಯಿತು. ಯಾವಾಗಲೂ ಎ ಬರುತ್ತಿದ್ದವಳಿಗೆ ಸಿ ಬಂದವು, ಯಾವ ವಿಶ್ವವಿದ್ಯಾಲಯವೂ ಅವಳನ್ನು ಸೇರಿಸಿಕೊಳ್ಳಲಿಲ್ಲ.

ಒಂದು ದಿನ ನಮ್ಮ ಮನೆಯ ಹಿತ್ತಲಲ್ಲಿ ಕೂತು ಅತ್ತಳು. ಮರುದಿನ ಹೋಗಿ ಗುಡ್ಡದ ಕೆಳಗಿನ ಕಮ್ಯುನಿಟಿ ಕಾಲೇಜಿಗೆ ಸೇರಿ ಬಂದಳು. ಎರಡು ವರ್ಷ ಅಲ್ಲಿ ಬೇಕಾದ ಕೋರ್ಸುಗಳನ್ನೆಲ್ಲ ಮುಗಿಸುವುದು, ಮೂರನೇ ವರ್ಷಕ್ಕೆ ನೇರವಾಗಿ ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಫರ್ ಆಗುವುದು, ಅದೂ ಸ್ಯಾನ್ ಡಿಯಾಗೊಕ್ಕೆ. ಅಲ್ಲಿ ಸಮುದ್ರದ ಜೀವಿಗಳ ವಿಷಯ ಚೆನ್ನಾಗಿ ಕಲಿಸುತ್ತಾರೆ. ಚಿಕ್ಕಂದಿನಿಂದ ಅವಳಿಗೆ ಅದೇ ಹುಚ್ಚು. ನೀರು ಇಳಿದಾಗ ಸ್ಯಾನ್ ಪೀಡ್ರೊದ ಬಂಡೆಗಳ ನಡುವೆ ಬಗ್ಗಿ ಕೂತರೆ ಮಧ್ಯಾಹ್ನದ ಊಟವೂ ನೆನಪಿರುತ್ತಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಮೀನು ಕೊಯ್ಯುತ್ತಾಳಂತೆ ಎಂದು ಅನ್ನಪೂರ್ಣವ್ವ ನನ್ನ ಮುಂದೆ ಹಣೆ ಬಡಿದುಕೊಂಡರು. ಆದರೆ ಬೇಡ ಎನ್ನಲಿಲ್ಲ.

ಇನ್ನು ತಪ್ಪು ನಡೆದದ್ದು ಹೇಗೆಂದು ಹೇಳಬೇಕು. ಆ ತಪ್ಪನ್ನು ನಮ್ಮವರಲ್ಲದೆ ಬೇರೆ ಯಾರೂ ಮಾಡಲಾರರು.

ರಾಚಯ್ಯನವರ ಕಡೆ ಕಾಲೇಜು ಗದಗಿನಲ್ಲಿ, ಯೂನಿವರ್ಸಿಟಿ ಧಾರವಾಡದಲ್ಲಿ. ಗದಗಿನ ಹುಡುಗ ಧಾರವಾಡದ ಮುಖ ನೋಡದೆ ಬಿ.ಎಸ್ಸಿ. ಮುಗಿಸಿದರೂ ಸರ್ಟಿಫಿಕೇಟಿನ ಮೇಲೆ ಇರುವುದು ಧಾರವಾಡದ ಯೂನಿವರ್ಸಿಟಿಯ ಹೆಸರೇ. ಕಾಲೇಜು ಯಾವುದಾದರೇನು, ಅದು ಯಾವ ಯೂನಿವರ್ಸಿಟಿಯ ಕೆಳಗೆ ಬರುತ್ತದೆ ಎನ್ನುವುದು ಮುಖ್ಯ. ರಾಚಯ್ಯ ಮಗಳನ್ನು ಅದನ್ನೇ ಕೇಳಿದ್ದರು. ನಮ್ಮ ಕೋರ್ಸುಗಳನ್ನು ರಾಜ್ಯದ ಯೂನಿವರ್ಸಿಟಿ ಒಪ್ಪಿಕೊಳ್ಳುತ್ತದೆ ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಅವರಿಗೆ ಅಷ್ಟು ಸಾಕಾಯಿತು. ಹತ್ತಿರದ ಯೂನಿವರ್ಸಿಟಿ ಲಾಸ್ ಏಂಜಲಿಸ್‌ನ ವೆಸ್ಟ್‌ವುಡ್ ಬಡಾವಣೆಯದು, ಆದ್ದರಿಂದ ಈ ಕಾಲೇಜು ಅದರ ಕೆಳಗೇ ಬರಬೇಕು. ೧೯೮೨ರ ದೀಪಾವಳಿಗೆ ನಮ್ಮವರೆಲ್ಲ ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದಿದ್ದರು. ಆ ವರ್ಷ ಯೂನಿವರ್ಸಿಟಿ ಸೇರಿದ ಮಕ್ಕಳನ್ನು ವೇದಿಕೆಗೆ ಕರೆದು ಹಣ್ಣಿನ ತಟ್ಟೆ ಕೊಡುವುದು ವಾಡಿಕೆ. ನಮ್ಮ ಗುಂಪಿನ ಮುಖಂಡರು ವಾಲ್‌ನಟ್ ಎಂಬ ಊರಿನ ಡಾಕ್ಟರ್ ಸುಬ್ರಹ್ಮಣ್ಯ. ಅವರು ಮೈಕಿನಲ್ಲಿ ನಿಮ್ಮ ಮಗಳು ಎಲ್ಲಿ ಎಂದು ಕೇಳಿದರು. ವೆಸ್ಟ್‌ವುಡ್ ಯೂನಿವರ್ಸಿಟಿ ಎಂದು ರಾಚಯ್ಯ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹೊತ್ತಿನಲ್ಲಿ ಅವರು ಸುಳ್ಳು ಹೇಳಿರಲಿಲ್ಲ. ಅವರ ಜಾಗದಲ್ಲಿ ನಮ್ಮ ಯಜಮಾನರಿದ್ದರೂ ಹಾಗೇ ತಿಳಿದುಕೊಳ್ಳುತ್ತಿದ್ದರು.

ಮನೆಗೆ ಹೋಗುವಾಗ ಕಾರಿನಲ್ಲೇ ಮಗಳು ಬಿಡಿಸಿ ಹೇಳಿದಳು. ಇಲ್ಲಿ ಕಾಲೇಜು ಬೇರೆ, ಯೂನಿವರ್ಸಿಟಿ ಬೇರೆ, ಯಾವುದೂ ಯಾವುದರ ಕೆಳಗೂ ಬರುವುದಿಲ್ಲ. ಕಬ್ಬಿಣ ಸಿಮೆಂಟಿನ ಲೆಕ್ಕ ಹಾಕುವ ಮನುಷ್ಯನಿಗೆ ಅದು ಅರ್ಥವಾಗದೆ ಇರುತ್ತದೆಯೇ? ಮರುದಿನ ಸುಬ್ರಹ್ಮಣ್ಯ ಅವರಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಎಲ್ಲರೂ ಒಂದು ವಾರ ನಕ್ಕು ಮರೆಯುತ್ತಿದ್ದರು. ರಾಚಯ್ಯ ಏನು ಮಾಡಿದರು ಗೊತ್ತೇ? ಮುಂದಿನ ಶನಿವಾರ ಕಾರು ಹತ್ತಿ ವೆಸ್ಟ್‌ವುಡ್‌ಗೆ ಹೋಗಿ ಆ ಯೂನಿವರ್ಸಿಟಿಯ ಹೆಸರಿನ ಸ್ಟಿಕ್ಕರ್ ಕೊಂಡು ತಂದರು. ಮಗಳಿಗೆ ಕೊಟ್ಟಿದ್ದ ಹಳೆಯ ಡಾಟ್ಸನ್ ಕಾರಿನ ಹಿಂದಿನ ಗಾಜನ್ನು ಸೋಪಿನ ನೀರಿನಲ್ಲಿ ಒರೆಸಿ, ಗುಳ್ಳೆ ಏಳದಂತೆ ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ತಾವೇ ಅಂಟಿಸಿದರು.

ವಿಷಯ ತಿಳಿದು ಆ ಸಂಜೆಯೇ ಅವರ ಮನೆಗೆ ಹೋಗಿ ಜಗಳ ಆಡಿದೆ. ರಾಚಯ್ಯ ತಣ್ಣಗೆ ಕೇಳಿದರು.

"ಫೀಸ್ ಸೈತ ತಗೊಳ್ಳದ ಕಾಲೇಜಿನಾಗ ನನ್ನ ಮಗಳು ಓದತಾಳ ಅಂತ ಯಾವ ಬಾಯಿಲೆ ಹೇಳ್ಲಿ ನಿರುಪಮಾ ಅವರ? ಎರಡ ವರ್ಷದ ಮಾತು. ಆಮ್ಯಾಲ ಖರೇನ ಯೂನಿವರ್ಸಿಟಿಗೆ ಹೋಗ್ತಾಳಲ್ಲ."

ಆಗಿನ್ನೂ ಈ ರಾಜ್ಯದ ಕಮ್ಯುನಿಟಿ ಕಾಲೇಜುಗಳಲ್ಲಿ ಫೀಸ್ ಇರಲಿಲ್ಲ. ನಮ್ಮವರಿಗೆ ಅದೇ ಅವಮಾನ. ಪುಕ್ಕಟೆ ಸಿಕ್ಕ ಓದು ಓದಲ್ಲ, ಸೇರಿಸಿಕೊಳ್ಳದೆ ಹೊರಗೆ ನೂಕುವ ಜಾಗವೇ ದೊಡ್ಡ ಜಾಗ. ಊರಿನಲ್ಲಿ ಸರ್ಕಾರಿ ಕಾಲೇಜುಗಳಲ್ಲಿ ಓದಿ ಮೇಲೆ ಬಂದವರ ತಲೆಗೆ ಈ ಕೊಬ್ಬು ಎಲ್ಲಿಂದ ಏರಿತೋ ನನಗೆ ಇವತ್ತಿಗೂ ತಿಳಿದಿಲ್ಲ.

ಅಂದಿನಿಂದ ಹುಡುಗಿಯದು ಎರಡು ಬಾಳು. ವಾರವಿಡೀ ಕಮ್ಯುನಿಟಿ ಕಾಲೇಜು. ಬೆಳಗಿನ ಜಾವದ ಕೆಮಿಸ್ಟ್ರಿ ಲ್ಯಾಬ್, ಮಧ್ಯಾಹ್ನ ಕ್ಯಾಲ್ಕುಲಸ್, ವರ್ಷಕ್ಕೆ ಒಂದೇ ಸಲ ಸಂಜೆ ಹೊತ್ತು ನಡೆಸುವ ಆರ್ಗಾನಿಕ್ ಕೆಮಿಸ್ಟ್ರಿಗೆ ಜಾಗ ಸಿಗಲಿ ಎಂದು ಬಾಗಿಲಲ್ಲಿ ನಿಲ್ಲುವುದು. ಸಲಹೆ ಕೊಡಬೇಕಾದ ಕೌನ್ಸೆಲರ್ ಒಬ್ಬನೇ, ಕೇಳಲು ಬರುವವರು ನೂರಾರು. ಯಾವ ಕೋರ್ಸನ್ನು ಸ್ಯಾನ್ ಡಿಯಾಗೊ ಒಪ್ಪುತ್ತದೆ, ಯಾವುದನ್ನು ಒಪ್ಪುವುದಿಲ್ಲ ಎನ್ನುವುದು ಪ್ರತಿ ವರ್ಷ ಬದಲಾಗುತ್ತಿತ್ತು. ಒಂದು ತಪ್ಪು ಕೋರ್ಸ್ ತೆಗೆದುಕೊಂಡರೆ ಒಂದು ವರ್ಷ ಹೋಯಿತು ಎಂದೇ ಅರ್ಥ. ಅದಕ್ಕೇ ಟ್ರಾನ್ಸ್‌ಫರಿಗೆ ತಯಾರಾಗುವವರು ಗುಂಪು ಕಟ್ಟಿಕೊಂಡು ಒಬ್ಬರಿಗೆ ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳಿಕೊಳ್ಳುತ್ತಿದ್ದರು. ಶಿವಕ್ಕನ ಗುಂಪಿನಲ್ಲಿ ರೂಬೆನ್ ಎಂಬ ಮೆಕ್ಸಿಕನ್ ಹುಡುಗನಿದ್ದ, ಅವನ ತಾಯಿ ಬಂದರಿನ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ಗಂಡನನ್ನು ಬಿಟ್ಟು ಇಬ್ಬರು ಮಕ್ಕಳನ್ನು ಸಾಕುತ್ತ ಓದುವ ಹೆಂಗಸೊಬ್ಬಳಿದ್ದಳು. ಡೋನಟ್ ಅಂಗಡಿಯಲ್ಲಿ ಕೂತು ಓದುತ್ತಿದ್ದರು, ಅಂಗಡಿಯವನು ಎಬ್ಬಿಸಿದರೆ ನಮ್ಮ ಮನೆಗೆ ಬರುತ್ತಿದ್ದರು. ನಾನು ಉಪ್ಪಿಟ್ಟು ಮಾಡಿ ಹಾಕುತ್ತಿದ್ದೆ. ತಾವು ಎಲ್ಲಿ ಓದುತ್ತೇವೆ ಎಂದು ಹೇಳಲು ಆ ಮಕ್ಕಳಿಗೆ ಒಂದಿಷ್ಟೂ ನಾಚಿಕೆ ಇರಲಿಲ್ಲ.

ಕಾರಿನ ಸ್ಟಿಕ್ಕರ್ ನೋಡಿ ಅವರು ಮೊದಮೊದಲು ನಕ್ಕರು. ಎಲ್ಲರೂ ಸೇರಬೇಕೆಂದು ಒದ್ದಾಡುತ್ತಿರುವ ಜಾಗದ ಹೆಸರನ್ನು ಇವಳು ಆಗಲೇ ಕಾರಿಗೆ ಅಂಟಿಸಿಕೊಂಡು ತಿರುಗುತ್ತಾಳಲ್ಲ ಎಂದು ರೂಬೆನ್ ಅವಳನ್ನು ಪ್ರೊಫೆಸರ್ ಎಂದು ಕರೆಯತೊಡಗಿದ. ಶಿವಕ್ಕ ಪಾರ್ಕಿಂಗಿನ ಕೊನೆಗೆ ಹೋಗಿ, ಹಿಂದಿನ ಗಾಜು ಗೋಡೆಗೆ ತಾಗುವಷ್ಟು ಹತ್ತಿರ ಕಾರನ್ನು ಹಿಮ್ಮುಖವಾಗಿ ನಿಲ್ಲಿಸುತ್ತಿದ್ದಳು. ಕಿತ್ತು ಹಾಕಬಾರದೇ ಎಂದು ನಾನು ಕೇಳಿದೆ. ಒಮ್ಮೆ ಕಿತ್ತಿದ್ದಳಂತೆ. ಮರುವಾರ ಅಪ್ಪ ಹೊಸದನ್ನು ಅಂಟಿಸಿದ್ದರು.

ಶನಿವಾರ ಭಾನುವಾರ ಬಂದರೆ ಇನ್ನೊಂದು ಬಾಳು. ಪೂಜೆ, ನಾಮಕರಣ, ಹಬ್ಬ, ಏನಿದ್ದರೂ ಅವಳಿಗೆ ಅದೇ ಪ್ರಶ್ನೆಗಳು. ವೆಸ್ಟ್‌ವುಡ್ ಹೇಗಿದೆ, ಅಲ್ಲಿ ಪಾರ್ಕಿಂಗ್ ಕಷ್ಟವಂತೆ ಹೌದೇ, ಕ್ಯಾಂಟೀನಿನಲ್ಲಿ ಸಸ್ಯಾಹಾರ ಸಿಗುತ್ತದೆಯೇ. ಅವಳು ತಟ್ಟೆ ನೋಡಿಕೊಂಡು ಇಂಗ್ಲಿಷಿನಲ್ಲಿ ಎರಡೇ ಶಬ್ದದ ಉತ್ತರ ಕೊಡುತ್ತಿದ್ದಳು. ಇಲ್ಲಿ ಬೆಳೆದ ಮಕ್ಕಳಿಗೆ ಮಾತೇ ಬೇಡ ಎಂದು ಕೇಳಿದವರು ತಲೆಯಾಡಿಸುತ್ತಿದ್ದರು.

ಮರುವರ್ಷ ವಸಂತದಲ್ಲಿ ಸುಬ್ರಹ್ಮಣ್ಯ ಅವರ ಹೆಂಡತಿ ಲೀಲಾ ಫೋನ್ ಮಾಡಿದರು. ಅವರ ಮಗಳು ವಿನೋದಾ ಇನ್ನೊಂದು ವರ್ಷದಲ್ಲಿ ಹೈಸ್ಕೂಲು ಮುಗಿಸುತ್ತಾಳೆ, ಶಿವಕ್ಕ ತನ್ನ ಯೂನಿವರ್ಸಿಟಿಯನ್ನು ಒಮ್ಮೆ ತೋರಿಸಲಿ ಎಂದು ಕೇಳಿದರು. ಫೋನ್ ಎತ್ತಿದ್ದ ರಾಚಯ್ಯ ಸಂತೋಷವಾಗಿ ಒಪ್ಪಿಕೊಂಡರು. ಸಾಧ್ಯವೇ ಇಲ್ಲ ಎಂದು ಶಿವಕ್ಕ ಹಟ ಹಿಡಿದಳು. ಇದೊಂದು ಸಲ ಅಪ್ಪನ ಮರ್ಯಾದೆ ಉಳಿಸು ಎಂದು ಅವರು ಅವಳ ಕೋಣೆಯ ಬಾಗಿಲಲ್ಲಿ ನಿಂತು ಬೇಡಿಕೊಂಡರಂತೆ. ದೊಡ್ಡವರು ಬೇಡಿಕೊಂಡರೆ ಮಕ್ಕಳು ಏನು ಮಾಡಬೇಕು? ಹಿಂದಿನ ದಿನವೇ ಅವಳು ಒಬ್ಬಳೇ ಹೋಗಿ, ಕೈಯಲ್ಲಿ ನಕ್ಷೆ ಹಿಡಿದು, ಅಷ್ಟು ದೊಡ್ಡ ಕ್ಯಾಂಪಸ್ಸನ್ನು ಕಾಲು ಸೋಲುವವರೆಗೆ ಸುತ್ತಿ ಬಾಯಿಪಾಠ ಮಾಡಿ ಬಂದಳು.

ಲೈಬ್ರರಿ ತೋರಿಸುವವರೆಗೆ ಎಲ್ಲ ಸರಿ ಹೋಯಿತು. ನಿನ್ನ ಲ್ಯಾಬ್ ಎಲ್ಲಿ ಎಂದು ಡಾಕ್ಟರು ಕೇಳಿದಾಗ ಅವಳಿಗೆ ಗಾಬರಿಯಾಗಿ ಎದುರಿಗಿದ್ದ ಕಟ್ಟಡ ತೋರಿಸಿದಳು. ಅವರು ಒಳಗೇ ನಡೆದರು. ಒಳಗೆ ಹುಡುಗರು ಡೋಲು ಬಾರಿಸುತ್ತಿದ್ದರು, ಅದು ಸಂಗೀತ ಕಲಿಸುವ ಕಟ್ಟಡ. ಲ್ಯಾಬ್ ಬೇರೆ ಕಡೆಗೆ ಹೋಗಿದೆ ಎಂದು ಅವಳು ಏನೋ ಹೇಳಿದಳು. ಡಾಕ್ಟರು ನಗಲಿಲ್ಲ, ಹೌದಾ ಎಂದರು. ಮಧ್ಯಾಹ್ನ ಎಲ್ಲಿ ಕೂತು ಊಟ ಮಾಡುತ್ತೀ ಎಂದು ಲೀಲಾ ಕೇಳಿದರು. ಅವಳು ಒಂದು ಬೆಂಚು ತೋರಿಸಿದಳು. ಹಾಗಾದರೆ ಅಲ್ಲೇ ಕೂತುಕೋ ಎಂದು ಕೂರಿಸಿ ಫೋಟೋ ತೆಗೆದರು.

ಅಲ್ಲಿಂದ ಅವಳು ನೇರ ನಮ್ಮ ಮನೆಗೆ ಬಂದು ಅಡುಗೆಮನೆಯ ಸಿಂಕಿನಲ್ಲಿ ವಾಂತಿ ಮಾಡಿಕೊಂಡಳು. ನನಗೆ ತಡೆಯಲಾಗಲಿಲ್ಲ. ಲೀಲಾಗೆ ಈಗಲೇ ಎಲ್ಲ ಹೇಳಿಬಿಡುತ್ತೇನೆ ಎಂದು ಫೋನಿನ ಕಡೆ ಹೋದೆ. ಅವಳು ಒದ್ದೆ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದಳು, ಅಪ್ಪನಿಗೆ ತುಂಬ ನಾಚಿಕೆಯಾಗುತ್ತದೆ, ಬೇಡ ಎಂದಳು. ಅಂಥ ಹೊತ್ತಿನಲ್ಲೂ ಅವಳಿಗೆ ಅಪ್ಪನ ನಾಚಿಕೆಯದೇ ಚಿಂತೆ.

೧೯೮೪ರ ಮಾರ್ಚಿನಲ್ಲಿ ಸ್ಯಾನ್ ಡಿಯಾಗೊದಲ್ಲಿ ಅವಳಿಗೆ ಜಾಗ ಸಿಕ್ಕಿತು. ಮೂರನೇ ವರ್ಷಕ್ಕೆ, ಅವಳು ಬಯಸಿದ ವಿಷಯಕ್ಕೇ. ರೂಬೆನ್‌ಗೂ ಬೇರೆ ಕಡೆ ಸಿಕ್ಕಿತು. ಇಡೀ ಗುಂಪು ಡೋನಟ್ ಹೊತ್ತುಕೊಂಡು ನಮ್ಮ ಮನೆಗೆ ನುಗ್ಗಿತು. ಶಿವಕ್ಕ ನಗುವುದನ್ನು ನೋಡಿ ಎಷ್ಟು ಕಾಲವಾಗಿತ್ತೆಂದು ನನಗೆ ಅರಿವಾದದ್ದು ಆಗಲೇ.

ಅವರ ಮನೆಯಲ್ಲಿ ಮಾತ್ರ ರಾಚಯ್ಯ ಬೇಡ ಎಂದುಬಿಟ್ಟರು. ಅವರ ತರ್ಕ ಕೇಳಿ. ಎರಡು ವರ್ಷ ವೆಸ್ಟ್‌ವುಡ್‌ನಲ್ಲಿ ಓದಿದವಳು ಮೂರನೇ ವರ್ಷಕ್ಕೆ ಸ್ಯಾನ್ ಡಿಯಾಗೊಕ್ಕೆ ಯಾಕೆ ಹೋಗುತ್ತಾಳೆ? ಫೇಲಾಗಿ ಹೊರಗೆ ಹಾಕಿದರು ಎನ್ನುತ್ತಾರೆ ಜನ, ಇಲ್ಲವೆ ಹುಡುಗರ ವಿಷಯ ಎನ್ನುತ್ತಾರೆ. ಆದ್ದರಿಂದ ಒಂದು ವರ್ಷ ಮನೆಯಲ್ಲಿದ್ದು ವೆಸ್ಟ್‌ವುಡ್‌ಗೆ ಅಪ್ಲೈ ಮಾಡಬೇಕು, ಸಿಕ್ಕರೆ ಅಲ್ಲಿಗೇ ಹೋಗಬೇಕು. ವೆಸ್ಟ್‌ವುಡ್‌ನಲ್ಲಿ ಓದದ ಎರಡು ವರ್ಷಕ್ಕೆ ಹೊಂದಲಿ ಎಂದು ಓದಿದ ಎರಡು ವರ್ಷವನ್ನು ಬಲಿ ಕೊಡಬೇಕು. ಇದನ್ನು ಹೇಳುವಾಗ ಆ ಮನುಷ್ಯನ ದನಿ ಕೂಡ ನಡುಗಲಿಲ್ಲ. ಒಪ್ಪಿಗೆ ತಿಳಿಸಲು ಸ್ಯಾನ್ ಡಿಯಾಗೊದವರು ಕೊಟ್ಟಿದ್ದ ಗಡುವು ಹತ್ತಿರ ಬರುತ್ತಿತ್ತು. ಹುಡುಗಿ ಊಟ ಬಿಟ್ಟಳು, ಅನ್ನಪೂರ್ಣವ್ವ ಮಾತು ಬಿಟ್ಟರು, ರಾಚಯ್ಯ ಹಟ ಬಿಡಲಿಲ್ಲ.

ಅದರ ನಡುವೆ ಯುಗಾದಿ ಬಂತು. ಆ ಸಲ ಹಬ್ಬದೂಟ ವಾಲ್‌ನಟ್‌ನಲ್ಲಿ, ಸುಬ್ರಹ್ಮಣ್ಯ ಅವರ ಮನೆಯಲ್ಲೇ. ಗಂಡಸರು ಹಾಲಿನಲ್ಲಿ ಸೋಫಾ ಹಿಡಿದಿದ್ದರು, ಹೆಂಗಸರು ಅಡುಗೆಮನೆ. ಲೀಲಾ ಕಾವಲಿಯ ಮುಂದೆ ನಿಂತು ಹೋಳಿಗೆ ಬೇಯಿಸುತ್ತಿದ್ದರು, ನಾನು ತಟ್ಟಿ ಕೊಡುತ್ತಿದ್ದೆ, ಶಿವಕ್ಕ ಕಣಕದಲ್ಲಿ ಹೂರಣ ತುಂಬಿ ಉಂಡೆ ಕಟ್ಟುತ್ತಿದ್ದಳು. ಲೀಲಾ ತಿರುಗಿಯೂ ನೋಡದೆ ಮಾತು ತೆಗೆದರು.

"ನಮ್ಮ ವಿನೋದಾಗೆ ಎಲ್ಲೂ ಸೀಟು ಸಿಗಲಿಲ್ಲ ಕಣಮ್ಮ. ಎರಡು ವರ್ಷ ಕಮ್ಯುನಿಟಿ ಕಾಲೇಜಿಗೆ ಹಾಕೋಣ ಅಂತಿದ್ದೀವಿ. ಯಾವ ಕೋರ್ಸ್ ತಗೊಂಡ್ರೆ ಟ್ರಾನ್ಸ್‌ಫರ್ ಆಗುತ್ತೆ ಅಂತ ನಿನಗೆ ಚೆನ್ನಾಗಿ ಗೊತ್ತಿರುತ್ತಲ್ಲ, ಒಂದಿನ ಕೂತು ಹೇಳಿಕೊಡು."

ಶಿವಕ್ಕನ ಕೈ ನಿಂತಿತು. "ನನಗ ಹೆಂಗ ಗೊತ್ತಿರತೈತಿ ಆಂಟಿ?"

"ಅಯ್ಯೋ, ಎಲ್ಲರಿಗೂ ಗೊತ್ತು ಬಿಡು. ನಂಜುಂಡ ಅವರ ಮನೆಯವರು ನಿಮ್ಮ ಕಾಲೇಜಿಗೇ ಸಂಜೆ ಟೈಪಿಂಗ್ ಕಲಿಯೋಕ್ಕೆ ಹೋಗ್ತಿದ್ರು, ಮೊದಲನೇ ವರ್ಷವೇ ನಿನ್ನನ್ನ ಅಲ್ಲಿ ನೋಡಿದ್ರು. ನಿಮ್ಮ ತಂದೆಗೆ ಬೇಜಾರಾಗಬಾರದು ಅಂತ ಯಾರೂ ಬಾಯಿ ಬಿಡಲಿಲ್ಲ."

"ನಾ ನಿಮಗ ಕ್ಯಾಂಪಸ್ ತೋರಿಸಿದಾಗ?"

"ಆಗಲೂ ಗೊತ್ತಿತ್ತು. ನೀನಾಗೇ ಹೇಳ್ತೀಯೇನೋ ಅಂತ ನೋಡಿದ್ವಿ," ಎಂದು ಲೀಲಾ ಹೋಳಿಗೆ ಮಗುಚಿದರು.

ನೋಡಿದರಂತೆ. ಹತ್ತೊಂಬತ್ತು ವರ್ಷದ ಹುಡುಗಿ ತನ್ನದಲ್ಲದ ಕಟ್ಟಡಗಳ ನಡುವೆ ಬೆವರುತ್ತ ದಾರಿ ಹುಡುಕುವುದನ್ನು ಅಪ್ಪ, ಅಮ್ಮ, ಮಗಳು ಮೂವರೂ ನಿಂತು ನೋಡಿದರಂತೆ. ಬೆಂಚಿನ ಮೇಲೆ ಕೂರಿಸಿ ಫೋಟೋ ಬೇರೆ ತೆಗೆದರು. ಇದಕ್ಕೆ ಬೇಜಾರು ಮಾಡಬಾರದು ಎನ್ನುವ ದೊಡ್ಡ ಮನಸ್ಸಿನ ಹೆಸರು. ನನ್ನ ಕೈಯಲ್ಲಿದ್ದ ಹೋಳಿಗೆಯನ್ನು ಲೀಲಾಳ ಮುಖಕ್ಕೆ ಎಸೆಯದೆ ಹೇಗೆ ತಡೆದುಕೊಂಡೆನೋ ಗೊತ್ತಿಲ್ಲ.

ಶಿವ‌ಕ್ಕ ಕೈ ಕೂಡ ತೊಳೆಯದೆ ಹಾಲಿಗೆ ಹೋದಳು. ನಾನು ಹಿಂದೆಯೇ ಹೋದೆ. ಸುಬ್ರಹ್ಮಣ್ಯ ಮತ್ತು ನಂಜುಂಡ ಅವರ ನಡುವೆ ರಾಚಯ್ಯ ಕೂತಿದ್ದರು. ಯಾವತ್ತೂ ದೊಡ್ಡವರ ಮುಂದೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದ ಹುಡುಗಿ ಅಂದು ಸ್ಪಷ್ಟ ಕನ್ನಡದಲ್ಲಿ, ದನಿ ಏರಿಸದೆ ಹೇಳಿದಳು.

"ಅಪ್ಪಾ, ನಾ ಎಲ್ಲಿ ಓದತೀನಿ ಅಂತ ಇವರೆಲ್ಲಾರಿಗೂ ಮೊದಲಿಂದ ಗೊತ್ತೈತಂತ."

ಸುಬ್ರಹ್ಮಣ್ಯ ಕನ್ನಡಕ ತೆಗೆದು ಒರೆಸತೊಡಗಿದರು. ನಂಜುಂಡ ಕೋಸಂಬರಿಯ ಬಟ್ಟಲಿಗೆ ಕೈ ಹಾಕಿದರು. ನಾನು ರಾಚಯ್ಯನವರ ಮುಖ ನೋಡುತ್ತಿದ್ದೆ. ಕುಸಿದು ಹೋಗುತ್ತಾರೆ ಎಂದುಕೊಂಡಿದ್ದೆ, ಆ ಮನುಷ್ಯ ಬೆಚ್ಚಲೂ ಇಲ್ಲ.

"ಗೊತ್ತೈತಿ," ಎಂದರು ಮೆಲ್ಲಗೆ. "ಇವರಿಗೆ ಗೊತ್ತೈತಿ ಅನ್ನೂದು ನನಗೂ ಗೊತ್ತೈತಿ. ಅದನ್ನ ಇಲ್ಲಿ ಯಾಕ ತಗೀತಿ? ಒಳಗ ಹೋಗು."

"ಹಂಗಾರ ಸ್ಯಾನ್ ಡಿಯಾಗೊ ಬ್ಯಾಡ ಅಂದದ್ದು ಯಾರಿಗೆ ಅಂಜಿ ಅಪ್ಪಾ?"

ಲೀಲಾ ಅಡುಗೆಮನೆಯಿಂದಲೇ ಎಲೆ ಹಾಕಿದೆ, ಊಟಕ್ಕೆ ಏಳಿ ಎಂದು ಕೂಗಿದರು. ಎಲ್ಲರೂ ಎದ್ದರು, ಕೂತರು, ಉಂಡರು. ಹೋಳಿಗೆ ಹದವಾಗಿದೆ ಎಂದು ಹೊಗಳಿದರು. ನಾನು ಶಿವಕ್ಕನನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಉಣ್ಣದೆ ಸ್ಯಾನ್ ಪೀಡ್ರೊಕ್ಕೆ ವಾಪಸ್ ಬಂದೆ. ದಾರಿಯುದ್ದಕ್ಕೂ ಅವಳು ಅಳಲಿಲ್ಲ. ಉಗುರಿನಲ್ಲಿ ಒಣಗಿದ್ದ ಕಣಕವನ್ನು ಕೆರೆದು ಕೆರೆದು ತೆಗೆಯುತ್ತಿದ್ದಳು.

ಅರ್ಥವಾಯಿತಲ್ಲ? ಅವರಿಗೆ ಗೊತ್ತಿತ್ತು, ಇವರಿಗೆ ಅದು ಗೊತ್ತಿತ್ತು. ಅವರು ಕೇಳುವುದು ಬಿಡಲಿಲ್ಲ, ಇವರು ಹೇಳುವುದು ಬಿಡಲಿಲ್ಲ. ದೊಡ್ಡವರಿಗೆಲ್ಲ ಅದೊಂದು ಆಟ. ಅದನ್ನು ನಿಜವಾದ ಗುಟ್ಟೆಂದು ನಂಬಿ ಎರಡು ವರ್ಷ ಹೊತ್ತವಳು ಅವಳೊಬ್ಬಳೇ. ಗುಟ್ಟು ಬಯಲಾದರೆ ಅಪ್ಪ ಸತ್ತೇ ಹೋಗುತ್ತಾರೆ ಎಂದು ಹೆದರಿ ನಮ್ಮ ಸಿಂಕಿನಲ್ಲಿ ಕಕ್ಕಿಕೊಂಡವಳೂ ಅವಳೊಬ್ಬಳೇ.

ಮರುದಿನವೇ ಅವಳು ಸ್ಯಾನ್ ಡಿಯಾಗೊಕ್ಕೆ ಒಪ್ಪಿಗೆ ಕಳಿಸಿದಳು. ಬಸ್ಸು ಹತ್ತಿಯಾದರೂ ಹೋಗುತ್ತೇನೆ, ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡಿಯಾದರೂ ಓದುತ್ತೇನೆ ಎಂದು ಅಪ್ಪನಿಗೆ ಹೇಳಿದಳು. ರಾಚಯ್ಯನವರ ಕೈಯಲ್ಲಿ ಬೇಡ ಎನ್ನಲು ಕಾರಣ ಉಳಿದಿರಲಿಲ್ಲ. ಬೇಸಿಗೆ ಬಂತು, ಲಾಸ್ ಏಂಜಲಿಸ್‌ಗೆ ಒಲಿಂಪಿಕ್ಸ್ ಬಂತು, ಮನೆ ತುಂಬ ನೆಂಟರು ಬಂದರು. ಅವರ ಮುಂದೆ ರಾಚಯ್ಯ ನನ್ನ ಮಗಳು ಸ್ಯಾನ್ ಡಿಯಾಗೊಕ್ಕೆ ಹೊರಟಿದ್ದಾಳೆ ಎಂದು ಎದೆಯುಬ್ಬಿಸಿ ಹೇಳುವುದನ್ನು ನಾನೇ ಕೇಳಿದೆ. ಮನುಷ್ಯ ಸರಿಹೋದ ಎಂದುಕೊಂಡೆ. ಸೆಪ್ಟೆಂಬರಿನಲ್ಲಿ ನಾನೇ ಬಿಟ್ಟು ಬರುತ್ತೇನೆ ಎಂದು ಹೊರಟರು. ಅನ್ನಪೂರ್ಣವ್ವ ನನ್ನನ್ನೂ ಜೊತೆಗೆ ಕರೆದರು.

ಹಾಸ್ಟೆಲಿನ ಮುಂದೆ ನೀಲಗಿರಿ ಮರಗಳ ಕೆಳಗೆ ಕಾರು ನಿಲ್ಲಿಸಿ ಪೆಟ್ಟಿಗೆ ಇಳಿಸುತ್ತಿದ್ದೆವು. ನಮ್ಮ ಕನ್ನಡ ಕೇಳಿ ಒಬ್ಬರು ಹತ್ತಿರ ಬಂದರು. ಶೇಖಪ್ಪ ಅಂತ, ದಾವಣಗೆರೆಯವರು, ಅರಿಜೋನಾದಿಂದ ಮಗನನ್ನು ಸೇರಿಸಲು ಬಂದಿದ್ದರು. ನಮಗೆ ಅವರು ಯಾರೋ, ಅವರಿಗೆ ನಾವು ಯಾರೋ. ಮಗಳು ಹೊಸದಾಗಿ ಸೇರುತ್ತಿದ್ದಾಳಾ ಎಂದು ಸಹಜವಾಗಿ ಕೇಳಿದರು. ರಾಚಯ್ಯ ಉಸಿರು ಕೂಡ ಎಳೆದುಕೊಳ್ಳಲಿಲ್ಲ.

"ಇಲ್ರಿ, ಟ್ರಾನ್ಸ್‌ಫರ್. ಎರಡ ವರ್ಷ ವೆಸ್ಟ್‌ವುಡ್‌ನಾಗ ಇದ್ಲು."

ಶಿವಕ್ಕ ಎತ್ತಿಕೊಂಡಿದ್ದ ಪೆಟ್ಟಿಗೆಯನ್ನು ನೆಲಕ್ಕಿಟ್ಟಳು. ಮೊದಲು ಶೇಖಪ್ಪನವರ ಕಡೆ ತಿರುಗಿ ಮರ್ಯಾದೆಯಿಂದ, ತಾನು ಕಮ್ಯುನಿಟಿ ಕಾಲೇಜಿನಿಂದ ಬಂದವಳು ಎಂದು ಹೇಳಿದಳು. ಆಮೇಲೆ ಅಪ್ಪನ ಮುಖ ನೋಡಿದಳು.

"ಅಪ್ಪಾ, ಇನ್ನ ನೀವು ಹೋಗ್ರಿ."

ಉಳಿದ ಪೆಟ್ಟಿಗೆಗಳನ್ನು ಒಂದೊಂದಾಗಿ ತಾನೇ ಇಳಿಸಿದಳು. ರಾಚಯ್ಯ ಕೈ ಹಾಕಲು ಹೋದರೆ ಬಿಡಲಿಲ್ಲ. ಅವ್ವನನ್ನು ತಬ್ಬಿಕೊಂಡಳು, ನನ್ನ ಕೈ ಒತ್ತಿದಳು, ಒಳಗೆ ಹೋದಳು. ಒಮ್ಮೆಯೂ ತಿರುಗಿ ನೋಡಲಿಲ್ಲ.

ವಾಪಸ್ ಬರುವಾಗ ಸಮುದ್ರದ ಪಕ್ಕದ ಆ ಉದ್ದ ರಸ್ತೆ ಹಿಡಿದೆವು. ಅರ್ಧ ದಾರಿಯಲ್ಲಿ ರಾಚಯ್ಯ, ನಾನು ಅಂಥದ್ದೇನು ಅಂದೆ, ಗೊತ್ತಿಲ್ಲದವರ ಮುಂದೆ ಒಂದು ಮಾತು ಆಡಿದರೆ ಯಾರ ಗಂಟು ಹೋಯಿತು ಎಂದರು. ನಾನು ಬಾಯಿ ತೆರೆದಿದ್ದೆ. ನನಗಿಂತ ಮೊದಲು ಅನ್ನಪೂರ್ಣವ್ವ ಮಾತಾಡಿದರು, ಕಿಟಕಿಯ ಕಡೆಗೇ ಮುಖ ಮಾಡಿಕೊಂಡು.

"ಆಕಿ ಹೋಗ್ರಿ ಅಂದದ್ದು ಇವತ್ತಿಗಷ್ಟ ಅಲ್ಲ."

ಅವರು ಅಂದಂತೆಯೇ ಆಯಿತು. ಶಿವಕ್ಕ ಓದು ಮುಗಿಸಿ ಸ್ಯಾನ್ ಡಿಯಾಗೊದಲ್ಲೇ ಸಮುದ್ರದ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ತಿಂಗಳಿಗೊಮ್ಮೆ ನನಗೆ ಫೋನ್ ಮಾಡುತ್ತಾಳೆ. ಅವ್ವ ಬಸ್ಸಿನಲ್ಲಿ ಹೋಗಿ ವಾರವಿಡೀ ಇದ್ದು ಬರುತ್ತಾರೆ. ಗುಡ್ಡದ ಮೇಲಿನ ಮನೆಗೆ ಅವಳು ಈ ನಾಲ್ಕು ವರ್ಷದಲ್ಲಿ ಕಾಲಿಟ್ಟಿಲ್ಲ.

ಕಳೆದ ದೀಪಾವಳಿಗೂ ಎಲ್ಲರೂ ಸೇರಿದ್ದೆವು. ಶಿವಕ್ಕ ಬರಲಿಲ್ಲವೇ ಎಂದು ಲೀಲಾ ಕೇಳಿದರು. ಯಾಕೆ ಬರುವುದಿಲ್ಲ ಎನ್ನುವುದು ಆ ಹಾಲಿನಲ್ಲಿ ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ.

"ಆಕಿಗೆ ಲ್ಯಾಬಿನಾಗ ಭಾಳ ಕೆಲಸ ಐತ್ರಿ, ಬರಬೇಕಂತ ಭಾಳ ಮನಸಿತ್ತು," ಎಂದರು ರಾಚಯ್ಯ.

"ಹೌದು ಪಾಪ, ಅಲ್ಲಿ ರಜಾನೇ ಕೊಡಲ್ಲವಂತೆ," ಎಂದು ಲೀಲಾ ಅವರ ತಟ್ಟೆಗೆ ಇನ್ನೊಂದು ಸೌಟು ಪಾಯಸ ಹಾಕಿದರು.